ನಾಯಿ ಓಟದಲ್ಲಿ ಅಂಕ ಸಮ ಆದ್ರೆ ಢಾಲು ಯಾರಿಗೆ?

ಹೊಲದ ಹಾದಿ
ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಪ್ರತಿ ವರ್ಷ ಜಾತ್ರೆಯಲ್ಲಿ ಬೇಟೆ ನಾಯಿಗಳ ಓಟ ಇಡುತ್ತೇವೆ. 300 ಮೀಟರ್, ನೇರ ಹೊಲ. ಮುಂದೆ ಬೈಕು, ಅದರ ಹಿಂದೆ ಹಗ್ಗಕ್ಕೆ ಕಟ್ಟಿದ ಬಟ್ಟೆಯ ಗೊಂಬೆ. ಹೋದ ವರ್ಷ 12 ನಾಯಿ ಬಂದಿದ್ದವು. ಒಂದೊಂದು ಗುಂಪಲ್ಲಿ ನಾಲ್ಕು, ಪ್ರತಿ ನಾಯಿಗೂ ಮೂರು ಸುತ್ತು. ಮೊದಲು ಬಂದದ್ದಕ್ಕೆ 5 ಅಂಕ, ಆಮೇಲೆ 3, 2, 1.

ಭೈರ ಅನ್ನೋ ನಾಯಿ 1, 1, 4 ಬಂತು. ರಾಣಿ ಅನ್ನೋದು 1, 2, 2 ಬಂತು. ಇಬ್ಬರದೂ 11 ಅಂಕ! ಸಮ ಆದ್ರೆ ಏನು ಮಾಡಬೇಕು ಅಂತ ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. ಪಂಚರು ಅಲ್ಲೇ ನಿಂತು ಮಾತಾಡಿ, ಮೂರೂ ಸುತ್ತಿನ ಟೈಮ್ ಕೂಡಿಸೋಣ ಅಂದರು. ಭೈರನದು 20.1, 20.0, 21.6. ಕೂಡಿಸಿದರೆ 61.7. ರಾಣಿಯದು 20.4, 20.5, 20.6. ಕೂಡಿಸಿದರೆ 61.5. ಢಾಲು ಮತ್ತು ಹತ್ತು ಸಾವಿರ ರೂಪಾಯಿ ರಾಣಿಗೆ ಹೋಯಿತು.

ಭೈರನ ಯಜಮಾನರು ನನಗೆ ಸಂಬಂಧದಲ್ಲಿ ಕಾಕಾ ಆಗಬೇಕು. ಅವತ್ತಿನಿಂದ ಪಂಚರಲ್ಲಿ ಇಬ್ಬರ ಜೊತೆ ಮಾತು ಬಿಟ್ಟಿದ್ದಾರೆ. ಎರಡನೇ ಸುತ್ತಲ್ಲಿ ಎರಡೂ ನಾಯಿ ಒಟ್ಟಿಗೇ ಓಡಿದ್ದವು, ಅಲ್ಲಿ ಭೈರನೇ ಗೆದ್ದಿತ್ತು. "ಎದುರಾಎದುರು ಗೆದ್ದ ನಾಯಿ ಹೆಂಗ್ ಸೋಲ್ತದ?" ಅಂತ ಕೇಳ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಈ ಸಲ ನಿಯಮ ಬರೆಯೋ ಕೆಲಸ ನನಗೆ ಕೊಟ್ಟಿದ್ದಾರೆ. ಅಂಕ ಇಡಬೇಕಾ, ಟೈಮ್ ಇಡಬೇಕಾ, ಸಮ ಆದ್ರೆ ಯಾವುದು ಮೊದಲು? ತಿಳಿದವರು ಹೇಳಿ.

ಶಿವು_ಜಮಖಂಡಿ
ಎದುರಾಎದುರು ಗೆದ್ದದ್ದೇ ಗೆದ್ದ ಹಾಗೆ. ಇದರಲ್ಲಿ ಯೋಚನೆ ಮಾಡೋದೇನಿದೆ?

ಗಣಿತ ಮೇಷ್ಟ್ರು
ಶಿವು, ಅಷ್ಟು ಸುಲಭ ಇಲ್ಲಪ್ಪ. ಮೊದಲು ಅಂಕದ ಪಟ್ಟಿಯನ್ನೇ ನೋಡೋಣ. ಓಟ ಅದೇ, ನಾಯಿ ಅದೇ, ಯಾರು ಎಷ್ಟನೇ ಜಾಗ ಬಂದರು ಅನ್ನೋದೂ ಅದೇ. ಅಂಕ ಮಾತ್ರ ಬದಲಾಯಿಸುತ್ತೇನೆ.

4-3-2-1 ಇಟ್ಟರೆ ಭೈರನಿಗೆ 9, ರಾಣಿಗೆ 10. ರಾಣಿ ಗೆದ್ದಳು, ಟೈ ಅನ್ನೋ ಮಾತೇ ಇಲ್ಲ.
6-3-2-1 ಇಟ್ಟರೆ ಭೈರನಿಗೆ 13, ರಾಣಿಗೆ 12. ಭೈರ ಗೆದ್ದ.
5-3-2-1 ಇಟ್ಟಿರಿ, ಸಮ ಆಯಿತು.

ಅಂದ್ರೆ ಮೊದಲ ಜಾಗಕ್ಕೆ ಒಂದೇ ಒಂದು ಅಂಕ ಆಚೀಚೆ ಆದರೆ ಚಾಂಪಿಯನ್ ಬದಲಾಗುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಅಂತರ ಜಾಸ್ತಿ ಇಟ್ಟರೆ ಗೆಲ್ಲೋ ನಾಯಿಗೆ ಲಾಭ. ಅಂತರ ಕಡಿಮೆ ಇಟ್ಟರೆ ಎಲ್ಲಾ ಸುತ್ತಲ್ಲೂ ಒಂದೇ ಸಮ ಓಡೋ ನಾಯಿಗೆ ಲಾಭ. ನಿಮ್ಮೂರಿಗೆ ಯಾವ ನಾಯಿ ದೊಡ್ಡದು ಅಂತ ಮೊದಲು ಊರವರು ತೀರ್ಮಾನ ಮಾಡಬೇಕು. ಅಂಕ ಆಮೇಲಿನ ಮಾತು.

ಈಗ ಟೈಬ್ರೇಕರ್. ಜಾಸ್ತಿ ಸಲ ಮೊದಲು ಬಂದವರಿಗೆ ಅಂದರೆ ಭೈರ. ಎದುರಾಎದುರು ಅಂದರೆ ಭೈರ. ಒಂದೇ ಸುತ್ತಿನ ಅತಿ ಕಡಿಮೆ ಟೈಮ್ ಅಂದರೆ ಭೈರ. ಒಟ್ಟು ಟೈಮ್ ಅಂದರೆ ರಾಣಿ. ಕೊನೆಯ ಸುತ್ತಲ್ಲಿ ಯಾರು ಮೇಲೆ ಅಂದರೆ ರಾಣಿ. ಐದು ದಾರಿ ಇದೆ, ಐದೂ ನ್ಯಾಯವಾಗಿಯೇ ಕಾಣುತ್ತವೆ. ಅದಕ್ಕೇ ಇದನ್ನು ಓಟ ಮುಗಿದ ಮೇಲೆ ಆರಿಸಬಾರದು. ಫಲಿತಾಂಶ ಕಣ್ಣ ಮುಂದೆ ಇರುವಾಗ ಟೈಬ್ರೇಕರ್ ಆರಿಸಿದರೆ ನಾಯಿಯನ್ನೇ ಆರಿಸಿದ ಹಾಗೆ.

ಶಿವು_ಜಮಖಂಡಿ
ಐದರಲ್ಲಿ ಮೂರು ಭೈರನ ಕಡೆ ಇದೆಯಲ್ಲ ಮೇಷ್ಟ್ರೇ. ಮತ್ತೇನು?

ಗಣಿತ ಮೇಷ್ಟ್ರು
ಅದು ಓಟು ಎಣಿಸೋ ಲೆಕ್ಕ ಅಲ್ಲಪ್ಪ. ನಾನು ಇನ್ನೂ ಎರಡು ದಾರಿ ಸೇರಿಸಿ ರಾಣಿ ಕಡೆ ಮಾಡಬಲ್ಲೆ. ಒಮ್ಮೆಯೂ ಮೂರನೇ ಜಾಗಕ್ಕೆ ಇಳಿಯದ ನಾಯಿ ಅಂತ ಇಡಬಹುದು, ಅತಿ ಕೆಟ್ಟ ಟೈಮ್ ಯಾರದು ಕಡಿಮೆ ಅಂತ ಇಡಬಹುದು.

ಕರೆಯ ಬದಿ
ಕಾರ್ಕಳ ಕಡೆಯವನು ನಾನು, ಕಂಬಳ ನೋಡಿಕೊಂಡೇ ಬೆಳೆದವನು. ಒಂದು ಪ್ರಶ್ನೆ. ಟೈಮ್ ಯಾರು ತೆಗೆದಿದ್ದು, ಯಾವುದರಲ್ಲಿ?

ಹೊಲದ ಹಾದಿ
ಇಬ್ಬರು ಹುಡುಗರು, ಮೊಬೈಲ್ ಸ್ಟಾಪ್‌ವಾಚ್. ಬಿಡೋ ಕಡೆ ಒಬ್ಬರು ಟವೆಲ್ ಬೀಸುತ್ತಾರೆ, ಗೆರೆ ಹತ್ತಿರ ನಿಂತ ಹುಡುಗರು ಅದನ್ನು ನೋಡಿ ಒತ್ತುತ್ತಾರೆ.

ಕರೆಯ ಬದಿ
ಹಾಗಾದರೆ 0.2 ಸೆಕೆಂಡಿಗೆ ಅರ್ಥವೇ ಇಲ್ಲ ಮಾರಾಯ್ರೆ! ಟವೆಲ್ ಕಂಡು ಬೆರಳು ಒತ್ತೋಕೇ ಅಷ್ಟು ಹೊತ್ತು ಹೋಗುತ್ತದೆ. ನಿಮ್ಮ ನಾಯಿ 20 ಸೆಕೆಂಡಿಗೆ 300 ಮೀಟರ್ ಓಡಿದೆ, ಅಂದರೆ ಸೆಕೆಂಡಿಗೆ 15 ಮೀಟರ್. 0.2 ಸೆಕೆಂಡು ಅಂದರೆ ಮೂರು ಮೀಟರ್. ಇಂಥ ಮೂರು ಅಳತೆ ಕೂಡಿಸಿ, ಅದರಲ್ಲಿ 0.2 ವ್ಯತ್ಯಾಸ ಬಂತು ಅಂತ ಢಾಲು ಕೊಟ್ಟಿದ್ದೀರಿ. ಹುಡುಗರ ಬೆರಳು ಗೆದ್ದಿದ್ದು, ರಾಣಿ ಅಲ್ಲ.

ಕಂಬಳದಲ್ಲಿ ಗೆರೆಗೆ ಲೇಸರ್ ಇಡೋಕೆ ಶುರು ಮಾಡಿದ್ದು ಇಂಥ ಜಗಳ ತಾಳಲಾರದೆ. ಇನ್ನೊಂದು ಮಾತು. ಟೈಮನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಲಿಸಬೇಡಿ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿಗೆ ಓಡಿದಾಗ, ದೇಶವೆಲ್ಲ 100 ಮೀಟರಿಗೆ ಇಳಿಸಿ 9.55 ಅಂದಿತು. ಆದರೆ ಒಂದೊಂದು ಊರಿನ ಕರೆ ಒಂದೊಂದು ಉದ್ದ, ಕೆಸರು ಬೇರೆ, ನೀರು ಬೇರೆ. ನಿಮ್ಮ ಹೊಲದಲ್ಲೂ ಬೆಳಿಗ್ಗೆ ಏಳು ಗಂಟೆಯ ಮಣ್ಣು ಹತ್ತು ಗಂಟೆಗೆ ಹಾಗೇ ಇರುತ್ತಾ?

ಲೀಡ್ಸ್ ಕನ್ನಡತಿ
ಇಂಗ್ಲೆಂಡಿನ ಗ್ರೇಹೌಂಡ್ ಓಟದಲ್ಲಿ ಒಂದು ನಾಯಿಯ ಉದ್ದಕ್ಕೆ 0.08 ಸೆಕೆಂಡು ಅಂತ ಲೆಕ್ಕ. ಅಲ್ಲಿಗೆ 0.2 ಸೆಕೆಂಡು ಅಂದರೆ ಎರಡೂವರೆ ನಾಯಿ ಉದ್ದ. ಮೇಲಿನವರು ಹೇಳಿದ್ದು ಸರಿ.

ನಮ್ಮ ಮನೆಯಲ್ಲಿ ಓಟ ಬಿಟ್ಟ ಒಂದು ಗ್ರೇಹೌಂಡ್ ಇದೆ, ನಾವು ದತ್ತು ತಗೊಂಡಿದ್ದು. ಅವಳಿಂದಾಗಿ ಈ ವಿಷಯ ಓದೋಕೆ ಶುರು ಮಾಡಿದೆ. ಇಲ್ಲಿನ ದೊಡ್ಡ ಪಂದ್ಯ ಡರ್ಬಿಯಲ್ಲಿ ಅಂಕ ಕೂಡಿಸೋದೇ ಇಲ್ಲ. ಆರು ನಾಯಿ ಓಡುತ್ತವೆ, ಮೊದಲ ಮೂರು ಮುಂದಿನ ಸುತ್ತಿಗೆ ಹೋಗುತ್ತವೆ, ಫೈನಲ್‌ನಲ್ಲಿ ಗೆದ್ದವರೇ ಚಾಂಪಿಯನ್. ಹಳೇ ಸುತ್ತಲ್ಲಿ ಏನು ಮಾಡಿದಿರಿ ಅಂತ ಯಾರೂ ಕೇಳಲ್ಲ. ಟೈ ಅನ್ನೋದು ಗೆರೆಯ ಮೇಲೆ ಮಾತ್ರ ಬರಬಹುದು, ಅದಕ್ಕೆ ಫೋಟೋ ಇದೆ. ಫೋಟೋದಲ್ಲೂ ಸಮ ಇದ್ದರೆ ಇಬ್ಬರೂ ಗೆದ್ದ ಹಾಗೆ.

ಒಂದು ವಿಷಯ ಕೇಳಬೇಕು. ಭೈರ ಎರಡು ಸಲ ಮೊದಲು ಬಂದು ಮೂರನೇ ಸಲ 21.6ಕ್ಕೆ ಯಾಕೆ ಇಳಿಯಿತು? ದಣಿವಾ?

ಹೊಲದ ಹಾದಿ
ದಣಿವಲ್ಲ ಅಕ್ಕ. ಪಕ್ಕದ ನಾಯಿ ಅಡ್ಡ ಬಂತು. ಅರ್ಧ ದಾರಿಯಲ್ಲಿ ಭುಜಕ್ಕೆ ಗುದ್ದಿತು. ಭೈರ ಒಂದು ಹೆಜ್ಜೆ ಮುಗ್ಗರಿಸಿ, ಎದೆ ನೆಲಕ್ಕೆ ತಾಗಿ, ಧೂಳಿಂದ ಎದ್ದು ಮತ್ತೆ ಓಡಿತು. ನಾನು ಅಲ್ಲೇ ಹತ್ತು ಹೆಜ್ಜೆ ದೂರ ಹಗ್ಗ ಹಿಡಿದು ನಿಂತಿದ್ದೆ. ಅಷ್ಟಾದರೂ ಗೆರೆವರೆಗೆ ಬಂತಲ್ಲ, ಅದು ನನ್ನ ಕಣ್ಣಿಂದ ಹೋಗಿಲ್ಲ.

ಲೀಡ್ಸ್ ಕನ್ನಡತಿ
ಹಾಗಾದರೆ ನಿಮ್ಮ ಸಮಸ್ಯೆ ಟೈಬ್ರೇಕರ್ ಅಲ್ಲ! ಆ ಸುತ್ತು ಲೆಕ್ಕಕ್ಕೆ ಬರಬೇಕಿತ್ತಾ ಅನ್ನೋದು ಮೊದಲ ಪ್ರಶ್ನೆ.

ಮಿಕ್ ದ ಮಿಲ್ಲರ್ ಅಂತ ಒಂದು ನಾಯಿ ಇತ್ತು, ಐರ್ಲೆಂಡಿನಿಂದ ಬಂದದ್ದು. 1929ರ ಡರ್ಬಿ ಫೈನಲ್‌ನಲ್ಲಿ ಗೆರೆ ದಾಟಿದ ಮೊದಲ ನಾಯಿ ಪಾಲಟೈನಸ್. ಆದರೆ ಮೊದಲ ತಿರುವಿನಲ್ಲಿ ನಾಯಿಗಳು ಡಿಕ್ಕಿ ಹೊಡೆದುಕೊಂಡಿದ್ದವು ಅಂತ ಆ ಓಟವನ್ನೇ ರದ್ದು ಮಾಡಿದರು. ಮತ್ತೆ ಓಡಿಸಿದಾಗ ಮಿಕ್ ಗೆದ್ದಿತು. 1930ರಲ್ಲೂ ಅದೇ ಗೆದ್ದಿತು. 1931ರ ಫೈನಲ್‌ನಲ್ಲಿ ಐದು ವರ್ಷದ ಮಿಕ್ ಮತ್ತೆ ಮೊದಲು ಗೆರೆ ದಾಟಿತು. ಜನ ಕುಣಿಯುತ್ತಿರುವಾಗಲೇ ಹಾರ್ನ್ ಕೂಗಿತು. ದಾರಿಯಲ್ಲಿ ಒಂದು ನಾಯಿ ಇನ್ನೊಂದಕ್ಕೆ ತೊಂದರೆ ಕೊಟ್ಟಿದೆ, ಓಟ ರದ್ದು. ಮತ್ತೆ ಓಡಿಸಿದರು, ಮಿಕ್ ನಾಲ್ಕನೇ ಜಾಗ. ಸೆಲ್ಡಮ್ ಲೆಡ್ ಅನ್ನೋ ನಾಯಿ ಗೆದ್ದಿತು.

ಒಂದೇ ನಿಯಮ. ಒಂದು ಸಲ ಢಾಲು ಕೊಟ್ಟಿತು, ಇನ್ನೊಂದು ಸಲ ಕಿತ್ತುಕೊಂಡಿತು. ಆದರೆ ಎರಡೂ ಸಲ ನಿಯಮ ಮೊದಲೇ ಇತ್ತು. ಅದಕ್ಕೇ ಆ ಫಲಿತಾಂಶ ಇವತ್ತಿಗೂ ನಿಂತಿದೆ.

ನಮ್ಮ ಮನೆ ರಾಜು
ಮಿಕ್ ಕಥೆ ಓದಿ ಹೊಟ್ಟೆ ಉರಿಯಿತು. ಪಾಪ.

ಬೇಟೆ ನಾಯಿ ಪ್ರೇಮಿ
ಮೊದಲಿಗೆ ಇವು ಶುದ್ಧ ಮುಧೋಳ ನಾಯಿಗಳಾ, ಗ್ರೇಹೌಂಡ್ ಬೆರಕೆಯಾ? ಬೆರಕೆ ನಾಯಿ ಜೊತೆ ನಮ್ಮ ನಾಯಿ ಓಡಿಸೋದೇ ಅನ್ಯಾಯ. ಮುಧೋಳ ನಾಯಿಗೆ ಒಂದು ಗೌರವ ಇದೆ. 1937ರಲ್ಲಿ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕೊಟ್ಟಿದ್ದರು.

ಗಣಿತ ಮೇಷ್ಟ್ರು
ಆ ವರ್ಷ ಬಹಳ ಕಡೆ ಬರೆದಿರುತ್ತಾರೆ. ಆದರೆ ಐದನೇ ಜಾರ್ಜ್ ತೀರಿಕೊಂಡಿದ್ದು 1936ರ ಜನವರಿಯಲ್ಲಿ. ನಾಯಿ ಕೊಟ್ಟಿದ್ದು ನಿಜ ಇದ್ದರೆ ಅದಕ್ಕೂ ಮೊದಲೇ ಆಗಿರಬೇಕು.

ಬೇಟೆ ನಾಯಿ ಪ್ರೇಮಿ
ಸರಿ ಮೇಷ್ಟ್ರೇ, ವರ್ಷ ಹಿಂದೆ ತಗೊಂಡೆ. 2005ರಲ್ಲಿ ಅಂಚೆ ಚೀಟಿ ಬಂದಿದ್ದಂತೂ ನಿಜ, ನನ್ನ ಹತ್ತಿರ ಇದೆ. ಬೆರಕೆ ನಾಯಿಗೆ ಬೇರೆ ವಿಭಾಗ ಮಾಡಿ ಅನ್ನೋದು ನನ್ನ ಮಾತು. ಕಂಬಳದಲ್ಲಿ ಹಗ್ಗ, ನೇಗಿಲು ಅಂತ ಬೇರೆ ಬೇರೆ ಇಲ್ವಾ, ಅದರಲ್ಲೂ ಹಿರಿಯ, ಕಿರಿಯ ಅಂತ ಇಲ್ವಾ?

ಕರೆಯ ಬದಿ
ಇದೆ. ಅದರ ಜೊತೆ ಕನೆ ಹಲಗೆ ಅಂತಲೂ ಇದೆ. ಅಲ್ಲಿ ಯಾರು ಮೊದಲು ಬಂದರು ಅನ್ನೋದು ಲೆಕ್ಕಕ್ಕೇ ಇಲ್ಲ, ನೀರು ಎಷ್ಟು ಎತ್ತರ ಚಿಮ್ಮಿತು ಅಂತ ನೋಡೋದು. ಮೇಲೆ ಅಡ್ಡಲಾಗಿ ನಿಶಾನೆ ಬಟ್ಟೆ ಕಟ್ಟಿರುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ. ನೀರು ಬಟ್ಟೆಗೆ ತಾಗಿತೋ ಇಲ್ಲವೋ ಅಷ್ಟೇ. ಒದ್ದೆಯಾದ ಬಟ್ಟೆ ಎಲ್ಲರಿಗೂ ಕಾಣುತ್ತದೆ, ಅಲ್ಲಿ ಪಂಚರ ಜೊತೆ ಜಗಳ ಆಡೋಕೆ ಜಾಗವೇ ಇಲ್ಲ. ಅದೇ ಕೋಣ, ಅದೇ ಕರೆ. ಅಳೆಯೋದು ಬದಲಾದರೆ ಗೆಲ್ಲೋ ಜೋಡಿಯೂ ಬದಲಾಗುತ್ತದೆ.

ಡಾಲಸ್ ಮಂಜುನಾಥ
ಇದೇ ಮಾತು ಇಲ್ಲಿನ ಲೂರ್ ಕೋರ್ಸಿಂಗ್‌ನಲ್ಲೂ ಇದೆ. ಅಮೆರಿಕದಲ್ಲಿ ಸಲೂಕಿ, ವಿಪೆಟ್, ಗ್ರೇಹೌಂಡ್ ಎಲ್ಲ ಓಡಿಸುತ್ತಾರೆ. ಹೊಲದಲ್ಲಿ ಗಾಲಿಗಳ ಮೇಲೆ ದಾರ ಸುತ್ತಿಸಿ, ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ, ಅಂಕುಡೊಂಕಾಗಿ ಎಳೆಯುತ್ತಾರೆ. ಗೆರೆ ಯಾರು ಮೊದಲು ದಾಟಿದರು ಅಂತ ನೋಡಲ್ಲ. ಒಂದು ಪದ್ಧತಿಯಲ್ಲಿ 100 ಅಂಕ. ವೇಗಕ್ಕೆ 25, ಚುರುಕಾಗಿ ತಿರುಗೋದಕ್ಕೆ 25, ತಾಳಿಕೆಗೆ 20, ಹಿಂಬಾಲಿಸೋದಕ್ಕೆ 15, ಹುಮ್ಮಸ್ಸಿಗೆ 15. ನೋಡಿ, ಬರೀ ವೇಗ ನಾಲ್ಕನೇ ಒಂದು ಭಾಗ ಮಾತ್ರ. ಭೈರ ಬಿದ್ದು ಎದ್ದು ಓಡಿತು ಅಂದಿರಲ್ಲ, ಇಲ್ಲಿ ಅದಕ್ಕೆ ಹುಮ್ಮಸ್ಸಿನ ಅಂಕ ಚೆನ್ನಾಗಿ ಸಿಗುತ್ತಿತ್ತು.

ಯುರೋಪಿನ ಕಡೆ ಎರಡು ಸುತ್ತು ಓಡಿಸಿ ಕೂಡಿಸುತ್ತಾರೆ, ಸಮ ಆದರೆ ಎರಡನೇ ಸುತ್ತಲ್ಲಿ ಜಾಸ್ತಿ ಅಂಕ ಇದ್ದವರು ಮೇಲೆ. ದಣಿದ ಮೇಲೂ ಚೆನ್ನಾಗಿ ಓಡಿದವರಿಗೆ ಬೆಲೆ ಅನ್ನೋ ಲೆಕ್ಕ. ಆ ಪ್ರಕಾರ ರಾಣಿ.

ಶಿವು_ಜಮಖಂಡಿ
ಹುಮ್ಮಸ್ಸಿಗೆ ಅಂಕ ಕೊಟ್ಟರೆ ನಮ್ಮೂರಲ್ಲಿ ದಿನಾ ಜಗಳ. ಯಾರ ಹುಮ್ಮಸ್ಸು ಎಷ್ಟು ಅಂತ ಯಾರು ಹೇಳ್ತಾರೆ? ಪಂಚರ ಮೈದುನನ ನಾಯಿಗೇ ಜಾಸ್ತಿ ಹುಮ್ಮಸ್ಸು ಕಾಣುತ್ತದೆ. ಗೆರೆ ಇರಲಿ, ಗೆರೆ ಮೇಲೆ ಮೂಗು ಇರಲಿ, ಸಾಕು.

ಡಾಲಸ್ ಮಂಜುನಾಥ
ಮೂಗು ಅಂದಿರಿ ನೋಡಿ, ಅದನ್ನೂ ಬರೆದಿಡಬೇಕು! 1978ರಲ್ಲಿ ಅಲಾಸ್ಕಾದ ಇಡಿಟರಾಡ್, ಜಾರುಬಂಡಿ ನಾಯಿಗಳ ಓಟ. ಆಂಕರೇಜ್‌ನಿಂದ ನೋಮ್‌ವರೆಗೆ ಸಾವಿರ ಮೈಲಿಗಿಂತ ಜಾಸ್ತಿ. ಹದಿನಾಲ್ಕು ದಿನ ಹದಿನೆಂಟು ಗಂಟೆ ಓಡಿ, ಕೊನೆಗೆ ಡಿಕ್ ಮ್ಯಾಕಿ ಮತ್ತು ರಿಕ್ ಸ್ವೆನ್ಸನ್ ಊರಿನ ಬೀದಿಯಲ್ಲಿ ಅಕ್ಕಪಕ್ಕ ಬಂದರು. ಮ್ಯಾಕಿಯ ಮುಂದಿನ ನಾಯಿಯ ಮೂಗು ಗೆರೆಯನ್ನು ಮೊದಲು ದಾಟಿತು. ಆದರೆ ಬಂಡಿ ಸಮೇತ ಮನುಷ್ಯ ಮೊದಲು ದಾಟಿದ್ದು ಸ್ವೆನ್ಸನ್. ಗೆದ್ದವರು ಯಾರು? ನಾಯಿಯ ಮೂಗೇ ಲೆಕ್ಕ ಅಂತ ತೀರ್ಪು ಬಂತು, ಮ್ಯಾಕಿ ಒಂದು ಸೆಕೆಂಡಿನಲ್ಲಿ ಗೆದ್ದರು.

ನಮ್ಮ ಮನೆ ರಾಜು
ಹದಿನಾಲ್ಕು ದಿನ ಓಡಿ ಒಂದು ಸೆಕೆಂಡಾ!

ಡಾಕ್ಟ್ರಮ್ಮ
ನಾನು ಪಶುವೈದ್ಯೆ, ಉತ್ತರ ಕರ್ನಾಟಕದಲ್ಲೇ ಕೆಲಸ. ಸಮ ಆದ್ರೆ ಮತ್ತೊಂದು ಸಲ ಓಡಿಸಿ ಅಂತ ಇನ್ನೂ ಯಾರೂ ಹೇಳಿಲ್ಲ, ಸಂತೋಷ. ಆದರೆ ಜಾತ್ರೆಯಲ್ಲಿ ಜನ ಅದನ್ನೇ ಕೇಳುತ್ತಾರೆ, ಚಪ್ಪಾಳೆ ಹೊಡೆದು ಕೇಳುತ್ತಾರೆ. ದಯವಿಟ್ಟು ಒಪ್ಪಬೇಡಿ.

ನಾಯಿಗೆ ನಮ್ಮ ಹಾಗೆ ಮೈ ಬೆವರಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಸುಮ್ಮನಿದ್ದಾಗ ಅದರ ಮೈ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಓಡಿದ ಮೇಲೆ 41 ದಾಟಿ ಇಳಿಯದೆ ನಿಂತರೆ ಜೀವಕ್ಕೇ ಅಪಾಯ. ಒಂದು ಬೇಸಿಗೆ ಇಂಥದೇ ಓಟದ ಮೈದಾನದಿಂದ ನನ್ನ ಹತ್ತಿರ ಒಂದು ನಾಯಿ ತಂದರು. ಸಮ ಆಗಿತ್ತಂತೆ, ಹತ್ತೂವರೆಗೆ ನಾಲ್ಕನೇ ಸಲ ಓಡಿಸಿದ್ದರಂತೆ. ಒಸಡು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಕಾಲು ಸೆಟೆದಿತ್ತು. ಒದ್ದೆ ಗೋಣಿಚೀಲದ ಮೇಲೆ ಮಲಗಿಸಿ, ನೀರು ಹಾಕಿ, ಫ್ಯಾನ್ ಇಟ್ಟು, ಸಲೈನ್ ಕೊಟ್ಟೆವು. ಉಳಿಯಲಿಲ್ಲ. ಅದರ ಯಜಮಾನ ಹುಡುಗ ಬಹುಮಾನದ ಹಾರ ಕೈಯಲ್ಲೇ ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದ.

ನಿಮ್ಮ ಅಂಕ ಪದ್ಧತಿ ಏನೇ ಇರಲಿ, ಅದು ನಾಯಿಯನ್ನು ಎಷ್ಟು ಸಲ ಓಡಿಸುತ್ತದೆ ಅಂತ ಮೊದಲು ಎಣಿಸಿ. ಮೂರು ಸುತ್ತೇ ನನಗೆ ಜಾಸ್ತಿ.

ಶಿವು_ಜಮಖಂಡಿ
ಡಾಕ್ಟ್ರಮ್ಮ, ಇದನ್ನು ಓದಿ ಮಾತು ಬರಲಿಲ್ಲ. ನಾನು ಮತ್ತೊಂದು ಓಟ ಇಡಿ ಅಂತ ಬರೆಯೋಕೆ ಹೊರಟಿದ್ದೆ. ಬಿಟ್ಟೆ.

ಹಳೇ ಕಾಗದ
ಸಮ ಆದ್ರೆ ಹಂಚಿಕೊಳ್ಳೋದು ಹೊಸದೇನಲ್ಲ. ಇಂಗ್ಲೆಂಡಿನ ವಾಟರ್‌ಲೂ ಕಪ್‌ನಲ್ಲಿ 64 ನಾಯಿ, ಎರಡೆರಡಾಗಿ ಮೊಲದ ಹಿಂದೆ ಬಿಟ್ಟು ನಾಕೌಟ್. ಒಂದು ನಾಯಿಗೆ ಕೆಂಪು ಪಟ್ಟಿ, ಇನ್ನೊಂದಕ್ಕೆ ಬಿಳಿ. ಕುದುರೆ ಮೇಲೆ ಕೂತ ತೀರ್ಪುಗಾರ ಅಂಕ ಎಣಿಸುತ್ತಿದ್ದ. ಮೊಲವನ್ನು ಪೂರ್ತಿ ತಿರುಗಿಸಿದರೆ ಒಂದು ಅಂಕ, ಸ್ವಲ್ಪ ತಿರುಗಿಸಿದರೆ ಅರ್ಧ ಅಂಕ. ಮೊಲ ಹಿಡಿದ ನಾಯಿಯೇ ಗೆಲ್ಲುತ್ತೆ ಅಂತೇನೂ ಇರಲಿಲ್ಲ. 1889ರಲ್ಲಿ ಕೊನೆಗೆ ಉಳಿದಿದ್ದು ಫುಲ್ಲರ್‌ಟನ್ ಮತ್ತು ಟ್ರೌಎಂಡ್, ಇಬ್ಬರೂ ಕರ್ನಲ್ ನಾರ್ತ್ ಅನ್ನೋ ಒಬ್ಬರದೇ ನಾಯಿಗಳು. ಫೈನಲ್ ಓಡಿಸದೆ ಕಪ್ ಹಂಚಿಬಿಟ್ಟರು. ಫುಲ್ಲರ್‌ಟನ್ ಆಮೇಲೆ ಮೂರು ವರ್ಷ ಸತತ ಗೆದ್ದಿತು.

ಡಾಕ್ಟ್ರಮ್ಮ
ಆ ಪಂದ್ಯದಲ್ಲಿ ಜೀವಂತ ಮೊಲ ಬಿಡುತ್ತಿದ್ದರು ಅನ್ನೋದನ್ನೂ ಹೇಳಿ. 2005ರಲ್ಲಿ ನಿಂತುಹೋಯಿತು, ಅಲ್ಲಿನ ಕಾನೂನೇ ನಿಲ್ಲಿಸಿತು. ನಮ್ಮಲ್ಲೂ ಕಾಡು ಮೊಲ ಹಿಡಿಯೋದು ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ. ಬಟ್ಟೆ ಗೊಂಬೆ ಅಂದಿರಿ, ಹಾಗೇ ಇರಲಿ.

ಬೇಟೆ ನಾಯಿ ಪ್ರೇಮಿ
ಢಾಲು ಹೇಗೆ ಹಂಚೋದು? ಆರು ತಿಂಗಳು ಇವರ ಮನೆ, ಆರು ತಿಂಗಳು ಅವರ ಮನೆನಾ?

ಕರೆಯ ಬದಿ
ಎರಡು ಢಾಲು ಮಾಡಿಸಿ. ಒಂದು ಢಾಲಿನ ದುಡ್ಡು ಉಳಿಸೋಕೆ ಎರಡು ಮನೆ ಮುರಿಯೋದಾ? ಗೆರೆಗೆ ಲೇಸರ್ ಬೇಡ, ನಿಮ್ಮ ಮೊಬೈಲೇ ಸಾಕು. ಸ್ಲೋಮೋಷನ್ ವಿಡಿಯೋದಲ್ಲಿ ಸೆಕೆಂಡಿಗೆ 240 ಚಿತ್ರ ಬರುತ್ತದೆ. ಸೆಕೆಂಡಿಗೆ 15 ಮೀಟರ್ ಓಡೋ ನಾಯಿ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಸುಮಾರು ಆರು ಸೆಂಟಿಮೀಟರ್ ಸರಿಯುತ್ತದೆ. ಸುಣ್ಣದ ಗೆರೆಯ ಎರಡೂ ತುದಿಗೆ ಒಂದೊಂದು ಗಳ ನೆಡಿ. ಎರಡು ಗಳ ಒಂದೇ ಆಗಿ ಕಾಣೋ ಜಾಗದಲ್ಲಿ ಮೊಬೈಲನ್ನು ಗಟ್ಟಿಯಾಗಿ ಕಟ್ಟಿ. ಒಂದು ಮೊಳ ಆಚೀಚೆ ನಿಂತರೂ ಸಮ ಇರೋ ನಾಯಿಗಳಲ್ಲಿ ಒಂದು ಮುಂದೆ ಇದ್ದ ಹಾಗೆ ಕಾಣುತ್ತದೆ, ಅಲ್ಲೇ ಮೋಸ ಆಗೋದು.

ಗಣಿತ ಮೇಷ್ಟ್ರು
ಇನ್ನೊಂದು ಬಾಕಿ ಇದೆ. ಗುಂಪು ಹೇಗೆ ಮಾಡಿದಿರಿ?

ಹೊಲದ ಹಾದಿ
ಪ್ರತಿ ಸುತ್ತಿಗೂ ಚೀಟಿ ಎತ್ತಿ. ಮೂರನೇ ಸುತ್ತಲ್ಲಿ ಭೈರನ ಜೊತೆ ಹಿಂದಿನ ಸುತ್ತು ಗೆದ್ದ ಇನ್ನೊಂದು ನಾಯಿಯೂ ಇತ್ತು.

ಗಣಿತ ಮೇಷ್ಟ್ರು
ಹಾಗಾದರೆ ಒಂದು ಗುಂಪಿನ ಎರಡನೇ ಜಾಗವೂ ಇನ್ನೊಂದು ಗುಂಪಿನ ಎರಡನೇ ಜಾಗವೂ ಒಂದೇ ಬೆಲೆಯದಲ್ಲ. ಆದರೂ ಅಂಕ ಒಂದೇ ಕೊಟ್ಟಿರಿ. ಹೀಗೆ ಮಾಡಿ. ಒಂದೇ ಒಂದು ಸುತ್ತು ಚೀಟಿ ಎತ್ತಿ ಓಡಿಸಿ. ಮೂರು ಗುಂಪಲ್ಲಿ ಗೆದ್ದ ಮೂರು ನಾಯಿ, ಜೊತೆಗೆ ಎರಡನೇ ಜಾಗದವರಲ್ಲಿ ಒಂದು. ನಾಲ್ಕೇ ನಾಯಿಗೆ ಫೈನಲ್. ಕೂಡಿಸೋ ಕೆಲಸವೇ ಇಲ್ಲ, ನಾಯಿ ಎರಡೇ ಸಲ ಓಡುತ್ತದೆ, ಡಾಕ್ಟ್ರಮ್ಮನಿಗೂ ಸಮಾಧಾನ.

ಶಿವು_ಜಮಖಂಡಿ
ಎರಡನೇ ಜಾಗದ ಮೂರರಲ್ಲಿ ಯಾವುದನ್ನು ಆರಿಸ್ತೀರಿ ಮೇಷ್ಟ್ರೇ? ಮತ್ತೆ ಟೈಮಾ? ಮತ್ತೆ ಹುಡುಗರ ಬೆರಳಾ?

ಗಣಿತ ಮೇಷ್ಟ್ರು
ಒಳ್ಳೇ ಪ್ರಶ್ನೆ. ನಾಲ್ಕನೇ ನಾಯಿ ಬೇಡ, ಮೂರೇ ಓಡಲಿ. ಹಾದಿಯೂ ಅಗಲ ಸಿಗುತ್ತದೆ, ಗುದ್ದಾಟ ಕಡಿಮೆ.

ಲೀಡ್ಸ್ ಕನ್ನಡತಿ
ಮೂರಕ್ಕೆ ನನ್ನ ಒಪ್ಪಿಗೆ ಇದೆ. ಮೈಗೆ ಬೇರೆ ಬೇರೆ ಬಣ್ಣದ ಬಟ್ಟೆ ಕಟ್ಟಿ, ಇಲ್ಲಿ ಒಂದನೇ ನಂಬರಿಗೆ ಕೆಂಪು, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ. ಧೂಳಲ್ಲಿ, ವಿಡಿಯೋದಲ್ಲಿ ಗುರುತು ಸಿಗುತ್ತದೆ. ಆದರೆ ಫೈನಲ್‌ನಲ್ಲಿ ಗುದ್ದಾಟ ಆದರೆ? ಅವತ್ತೇ ಮತ್ತೆ ಓಡಿಸೋ ಹಾಗಿಲ್ಲವಲ್ಲ.

ಡಾಕ್ಟ್ರಮ್ಮ
ಮರುದಿನ ಬೆಳಿಗ್ಗೆ, ಎಂಟರ ಒಳಗೆ. ನಾಯಿಯನ್ನು ನೋಡಿ ನಾನೋ ಇನ್ನೊಬ್ಬರು ವೈದ್ಯರೋ ಒಪ್ಪಿದರೆ ಮಾತ್ರ.

ಹೊಲದ ಹಾದಿ
ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಕೂತು ಒಂದೇ ಹಾಳೆಯಲ್ಲಿ ಬರೆದೆ. ಒಂದು ಸುತ್ತು ಮತ್ತು ಮೂರು ನಾಯಿಯ ಫೈನಲ್. ಬೆಳಿಗ್ಗೆ ಎಂಟಕ್ಕೆ ಎಲ್ಲ ಮುಗಿಯಬೇಕು. ನಾಯಿಯ ಮೂಗು ಗೆರೆ ದಾಟಿದ್ದೇ ಲೆಕ್ಕ, ವಿಡಿಯೋ ನೋಡಿ ತೀರ್ಪು. ವಿಡಿಯೋದಲ್ಲೂ ಸಮ ಇದ್ದರೆ ಎರಡು ಢಾಲು, ದುಡ್ಡು ಅರ್ಧ ಅರ್ಧ. ಗುದ್ದಾಟ ಆದರೆ ಆ ಓಟ ರದ್ದು, ಮರುದಿನ ಬೆಳಿಗ್ಗೆ ಮತ್ತೆ. ಬೆರಕೆ ನಾಯಿಗೆ ಬೇರೆ ವಿಭಾಗ ಮಾಡೋಕೆ ಈ ಸಲ ನಾಯಿ ಸಾಲದು, ಅದು ಮುಂದಿನ ವರ್ಷಕ್ಕೆ.

ಇವತ್ತು ಹಾಳೆ ಹಿಡಿದು ಕಾಕಾನ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದು ಹೋದ ವರ್ಷ ಇದ್ದಿದ್ರ ಆ ಮೂರನೇ ಓಟ ರದ್ದ ಆಗ್ತಿತ್ತಲ್ಲ?" ಅಂದರು. ಹೌದು ಅಂದೆ. ಭೈರ ಅಲ್ಲೇ ಕಟ್ಟೆ ಕೆಳಗೆ ಮಲಗಿತ್ತು, ಸ್ವಲ್ಪ ಹೊತ್ತು ಅದರ ಕಿವಿ ಸವರಿದರು. ಆಮೇಲೆ ಹಾಳೆಯ ಕೆಳಗೆ ಸಹಿ ಮಾಡಿ ಕೊಟ್ಟರು. ರಾಣಿಯ ಮನೆಯವರ ಸಹಿ ನಾಳೆ ತಗೋಬೇಕು.

ಶಿವು_ಜಮಖಂಡಿ
ಗೆರೆ ಎಳೆಯೋಕೆ ಮತ್ತು ಗಳ ನೆಡೋಕೆ ನಾನು ಬರ್ತೀನಿ ಅಣ್ಣಾ. ಸುಣ್ಣ ನಾನೇ ತರ್ತೀನಿ. ತಾರೀಖು ಹೇಳಿ.